ಉಳವಿಯ ಹಾದಿ ಮತ್ತು ಹಳೆಯ ಕಾರಿನ ಇಂಜಿನು

ಭಾರತ ಹುಣ್ಣಿಮೆ ಹತ್ತಿರವಾದಂತೆ ನಮ್ಮ ಸೀಮೆಯ ಸದ್ಭಕ್ತರ ಮನಸ್ಸು ಉಳವಿಯ ಕಡೆಗೆ ತಿರುಗುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಸಂಭವಿಸಿದ ವಿಪ್ಲವದ ತರುವಾಯ, ವಚನದ ಕಟ್ಟುಗಳನ್ನು ಕಾಯ್ದುಕೊಂಡು ಬಂದ ಶರಣರ ಸಮೂಹವು ಈ ಕಾಡನ್ನು ಆಶ್ರಯಿಸಿತೆಂದೂ, ಚನ್ನಬಸವಣ್ಣನವರು ಇಲ್ಲಿಯೇ ಲಿಂಗೈಕ್ಯರಾದರೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಪುಣ್ಯಕ್ಷೇತ್ರವು ಇಂದು ಜೋಯಿಡಾ ತಾಲೂಕಿನಲ್ಲಿದೆ. ಬೆಳಗಾವಿ, ಧಾರವಾಡ ಸೀಮೆಗಳ ರೈತರು ಎತ್ತುಗಳನ್ನು ಶೃಂಗರಿಸಿ, ಚಕ್ಕಡಿ ಹೂಡಿಕೊಂಡು, ಕಾಡಿನ ಹಾದಿಯಲ್ಲಿ ಜಾತ್ರೆಗೆ ಬರುವ ಸಂಪ್ರದಾಯವು ಇನ್ನೂ ನಿಂತಿಲ್ಲ.

ಚಕ್ಕಡಿಗಳೊಡನೆ ಈಗ ಕಾರುಗಳೂ ಆ ಹಾದಿಯನ್ನು ಹಿಡಿದಿವೆ. ಮುಂಡಗೋಡ ತಾಲೂಕಿನ ನಮ್ಮ ಇಂದೂರದಂತಹ ಊರುಗಳಲ್ಲಿ ಭತ್ತ, ಗೋವಿನಜೋಳ ಮಾರಿದ ಹಣದಲ್ಲಿ ಅಷ್ಟಿಷ್ಟು ಉಳಿಸಿ, ಒಂದೆರಡು ಕೈ ಬದಲಾದ, ಹಿಂದೆ ಡಿಕ್ಕಿಯಿರುವ ಕಾರನ್ನು ಕೊಳ್ಳುವ ಮನೆತನಗಳುಂಟು. ಮಾರುತಿ ಎಸ್ಟೀಮ್, ಹುಂಡೈ ಅಕ್ಸೆಂಟ್, ಟಾಟಾ ಇಂಡಿಗೋ, ಸ್ವಿಫ್ಟ್ ಡಿಜೈರ್, ನಮ್ಮ ಬಿಡದಿಯಲ್ಲಿಯೇ ತಯಾರಾದ ಟೊಯೊಟಾ ಎಟಿಯೋಸ್ ಮೊದಲಾದವು ಈ ಬಗೆಯವು. ಇವುಗಳಲ್ಲಿ ಎಸ್ಟೀಮ್ 2007ರಲ್ಲಿಯೂ, ಅಕ್ಸೆಂಟ್ 2013ರಲ್ಲಿಯೂ, ಎಟಿಯೋಸ್ 2020ರಲ್ಲಿಯೂ ಮಾರುಕಟ್ಟೆಯಿಂದ ಹಿಂದೆ ಸರಿದವು. ಇಂತಹ ಕಾರು ಆಡಂಬರದ ವಸ್ತುವಲ್ಲ. ಮಗಳ ಹೆರಿಗೆಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವುದು ಅದರಲ್ಲಿಯೇ. ಹಿರಿಯರನ್ನು ಅತ್ತಿವೇರಿಯ ಬಸವಧಾಮಕ್ಕೆ ಕರೆದೊಯ್ಯುವುದು ಅದರಲ್ಲಿಯೇ. ನಡುರಾತ್ರಿ ನೆರೆಮನೆಯವರು ಬಾಗಿಲು ತಟ್ಟಿದರೆ ಹೊರಡಬೇಕಾದದ್ದೂ ಅದೇ. ಅದರ ಇಂಜಿನು ಕೆಟ್ಟರೆ ಮನೆಯ ಒಂದು ವರ್ಷದ ಉಳಿತಾಯವೇ ಕರಗಿಹೋಗಬಹುದು.

ಚಕ್ಕಡಿಯ ರೈತನನ್ನು ನೋಡಿರಿ. ಏರು ಬರುವ ಮುನ್ನ ಎತ್ತುಗಳಿಗೆ ನೀರು ಕುಡಿಸುತ್ತಾನೆ. ಅವು ಏದುಸಿರು ಬಿಟ್ಟರೆ ನೊಗ ಇಳಿಸಿ ನೆರಳಿಗೆ ಕಟ್ಟುತ್ತಾನೆ. ಎತ್ತು ಬಾಯಿ ಬಿಟ್ಟು ಹೇಳಲಾರದೆಂದು ಅವನೇ ಅದರ ಮೈಯನ್ನು ಓದುತ್ತಾನೆ. ಅದೇ ರೈತನ ಮನೆಯ ಕಾರಿನಲ್ಲಿ ಶಾಖದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದಾಗ, "ಇನ್ನೆರಡು ಮೈಲಿ, ಹೇಗೋ ಮುಟ್ಟುತ್ತೇವೆ" ಎನ್ನುವವರನ್ನು ನಾವು ಕಾಣುತ್ತೇವೆ. ಹಳೆಯ ಇಂಜಿನು ಒಮ್ಮೆಲೇ ಸಾಯುವುದು ಅಪರೂಪ. ಅದು ಬಹುದಿನ ಮೊದಲೇ ಸಂಜ್ಞೆ ಕೊಡುತ್ತದೆ. ಆ ಸಂಜ್ಞೆಯನ್ನು ಗುರುತಿಸಿ, ಕಾರಣವನ್ನು ತಿಳಿದು, ಆಮೇಲೆ ಹಣ ತೆಗೆಯಬೇಕೆಂಬುದೇ ಈ ತಿಂಗಳು ನಾವು ಗೃಹಸ್ಥರಲ್ಲಿ ಅರಿಕೆ ಮಾಡುವ ಮಾತು.

ಇಂಜಿನು ಕಾಯುವುದು

ಹಳೆಯ ಕಾರುಗಳನ್ನು ಹಾಳುಮಾಡುವ ಕಾರಣಗಳಲ್ಲಿ ಮೊದಲನೆಯದು ಶಾಖ. ಇಂಧನ ಉರಿದು ಹುಟ್ಟಿದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲಿನಷ್ಟೇ ಕೆಲಸಕ್ಕೆ ಬರುತ್ತದೆ. ಉಳಿದುದು ಸೈಲೆನ್ಸರಿನ ಹೊಗೆಯಲ್ಲಿಯೂ ರೇಡಿಯೇಟರಿನ ಮೂಲಕವೂ ಹೊರಗೆ ಹೋಗಬೇಕು. ರೇಡಿಯೇಟರಿನ ವ್ಯವಸ್ಥೆಯು ನಮ್ಮ ತಾಯಂದಿರ ಅಡಿಗೆಮನೆಯ ಕುಕ್ಕರಿನಂತೆಯೇ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಮುಚ್ಚಳವು ಒತ್ತಡವನ್ನು ಹಿಡಿದಿಟ್ಟಾಗ ಒಳಗಿನ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ತಡೆಯುತ್ತದೆ. ಕುಕ್ಕರಿನ ರಬ್ಬರು ರಿಂಗು ಸಡಿಲಾದರೆ ಬೇಳೆ ಬೇಯುವುದಿಲ್ಲ. ಅದೇ ರೀತಿ ರೇಡಿಯೇಟರಿನ ಮುಚ್ಚಳದ ರಬ್ಬರು ಹಳತಾದರೆ ನೀರು ಬೇಗ ಕುದಿದು ಹೊರಚೆಲ್ಲುತ್ತದೆ. ಅಲ್ಪ ಬೆಲೆಯ ಈ ಮುಚ್ಚಳವನ್ನು ಮೊದಲು ಪರೀಕ್ಷಿಸದೆ ದೊಡ್ಡ ಭಾಗಗಳನ್ನು ಬದಲಿಸುವುದು ವ್ಯರ್ಥ ವೆಚ್ಚ.

ಬೋರ್‌ವೆಲ್ಲಿನ ನೀರನ್ನು ರೇಡಿಯೇಟರಿಗೆ ತುಂಬುವ ರೂಢಿಯನ್ನು ಬಿಡಬೇಕು. ಬಚ್ಚಲ ಹಂಡೆಯೊಳಗೆ ವರ್ಷಾನುಗಟ್ಟಲೆ ಕಟ್ಟುವ ಬಿಳಿಯ ಸುಣ್ಣದ ಪದರನ್ನು ಎಲ್ಲರೂ ಬಲ್ಲರು. ಅದೇ ಪದರು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟಿದರೆ ನೀರಿನ ದಾರಿಯೇ ಮುಚ್ಚಿಹೋಗುತ್ತದೆ. ಕಾರಿನ ಪುಸ್ತಿಕೆಯಲ್ಲಿ ಹೇಳಿದ ಕೂಲಂಟನ್ನು ಬಟ್ಟಿ ಇಳಿಸಿದ ನೀರಿನೊಡನೆ ಬೆರೆಸಿ ಹಾಕಬೇಕು. ಕೂಲಂಟು ತುಕ್ಕನ್ನೂ ತಡೆಯುತ್ತದೆ.

ಕಾರಣವನ್ನು ಕಂಡುಹಿಡಿಯಲು ಒಂದು ಸುಲಭ ಸೂತ್ರವುಂಟು. ಬಯಲಿನ ಹೆದ್ದಾರಿಯಲ್ಲಿ ತಣ್ಣಗಿದ್ದು, ನಿಂತಾಗ ಅಥವಾ ನಿಧಾನವಾಗಿ ಸಾಗುವಾಗ ಮಾತ್ರ ಕಾದರೆ ರೇಡಿಯೇಟರಿನ ಫ್ಯಾನು ತಿರುಗುತ್ತಿಲ್ಲವೆಂದು ಸಂಶಯಪಡಬೇಕು. ವೇಗವಾಗಿ ಹೋಗುವಾಗಲೂ ಏರಿನಲ್ಲಿಯೂ ಕಾದರೆ ರೇಡಿಯೇಟರು ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟು ತೆರೆಯದಿರಬಹುದು, ಇಲ್ಲವೆ ವಾಟರ್ ಪಂಪು ಸವೆದಿರಬಹುದು. ಉಳವಿಯ ಜಾತ್ರೆಯ ದಿನಗಳಲ್ಲಿ ಚಕ್ಕಡಿ, ಬಸ್ಸುಗಳ ಸಾಲಿನ ಹಿಂದೆ ಕಾರು ತೆವಳಬೇಕಾಗುತ್ತದೆ. ಹುಬ್ಬಳ್ಳಿಗೆ ಹೋಗಿಬರುವಾಗ ಎಂದೂ ಕಾಣದ ಫ್ಯಾನಿನ ದೋಷವು ಅಲ್ಲಿ ಪ್ರಕಟವಾಗುತ್ತದೆ.

ಕಾದಾಗ ಮಾಡಬೇಕಾದುದಿಷ್ಟು: ಏ.ಸಿ.ಯನ್ನು ನಿಲ್ಲಿಸಬೇಕು, ಹೀಟರನ್ನು ಪೂರ್ತಿ ತೆರೆಯಬೇಕು, ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ ಇಂಜಿನನ್ನು ಆರಿಸಬೇಕು. ಬಿಸಿಯಿರುವಾಗ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಕುದಿವ ನೀರು ಮುಖಕ್ಕೆ ಚಿಮ್ಮಿ ಕಣ್ಣು ಹೋಗುವ ಅಪಾಯವಿದೆ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಲೋಹ ಸೀಳುವ ಸಂಭವವಿದೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕಾದು, ಇಂಜಿನು ಪೂರ್ತಿ ಆರಿದ ಮೇಲೆಯೇ ನೀರಿನ ಮಟ್ಟ ನೋಡಬೇಕು. ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ಶಾಖ ಅಳೆಯುವ ಸಾಧನವು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರೆಲ್ಲ ಸೋರಿಹೋಗಿದ್ದರೆ ಮುಳ್ಳು ಕೆಳಗೇ ಇರಬಹುದು, ಇಂಜಿನು ಮಾತ್ರ ಉರಿಯುತ್ತಿರಬಹುದು. ಆದಕಾರಣ ಮುಳ್ಳನ್ನು ನಂಬಿ ನೀರನ್ನು ಮರೆಯಬಾರದು.

ಇಷ್ಟಾದರೂ ಓಡಿಸಿದರೆ ಏನಾಗುತ್ತದೆ? ಅಲ್ಯುಮಿನಿಯಂನ ಹೆಡ್ಡು ಡೊಂಕಾಗುತ್ತದೆ, ಹೆಡ್ ಗ್ಯಾಸ್ಕೆಟ್ಟು ಒಡೆಯುತ್ತದೆ. ನೀರು ಎಣ್ಣೆಯೊಳಗೂ ಸಿಲಿಂಡರಿನೊಳಗೂ ನುಗ್ಗುತ್ತದೆ. ಎಣ್ಣೆಯು ಹಾಲು ಬೆರೆತ ಚಹದಂತೆ ಕಂಡರೆ, ಇಂಜಿನು ಬಿಸಿಯಾದ ಮೇಲೆಯೂ ಬಿಳಿಯ ಹೊಗೆ ನಿಲ್ಲದಿದ್ದರೆ, ಆ ಕಾರನ್ನು ಒಂದು ಹೆಜ್ಜೆಯೂ ಮುಂದೆ ಓಡಿಸಬಾರದು.

ಎಣ್ಣೆ ಮತ್ತು ಹೊಗೆ

ವಾರಕ್ಕೊಮ್ಮೆ ಬೆಳಿಗ್ಗೆ, ಸಮತಟ್ಟಾದ ನೆಲದ ಮೇಲೆ, ಇಂಜಿನು ತಣ್ಣಗಿರುವಾಗ ಎಣ್ಣೆಯ ಕಡ್ಡಿಯನ್ನು ತೆಗೆದು ಒರೆಸಿ, ಮತ್ತೆ ಇಳಿಸಿ ನೋಡಬೇಕು. ಮಟ್ಟವು ಎರಡು ಗುರುತುಗಳ ನಡುವೆ ಇರಬೇಕು; ಕಡಿಮೆಯಾದರೂ ಹಾನಿ, ಮಿತಿಮೀರಿದರೂ ಹಾನಿ. ಪುಸ್ತಿಕೆಯಲ್ಲಿ ಹೇಳಿದಷ್ಟು ಕಿಲೋಮೀಟರಿಗೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆಯಾದರೂ, ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸಬೇಕು. ಊರಿಂದ ಹೊಲಕ್ಕೆ, ಹೊಲದಿಂದ ಊರಿಗೆ ಮಾತ್ರ ಓಡುವ ಕಾರಿನ ಇಂಜಿನು ಪೂರ್ತಿ ಬಿಸಿಯಾಗುವುದೇ ಇಲ್ಲ. ಅದರ ಎಣ್ಣೆಯಲ್ಲಿ ತೇವ ಉಳಿದು ಬೇಗನೆ ರಾಡಿಯಾಗುತ್ತದೆ. ಕಡಿಮೆ ಓಡಿದೆಯೆಂದು ಎಣ್ಣೆ ಬದಲಿಸದಿರುವುದು ತಪ್ಪು ಲೆಕ್ಕ. ಓಡುವಾಗ ಎಣ್ಣೆಯ ಗುರುತಿನ ಕೆಂಪು ದೀಪ ಹತ್ತಿದರೆ ಕೂಡಲೇ ನಿಲ್ಲಿಸಿ ಇಂಜಿನು ಆರಿಸಬೇಕು. ಎಣ್ಣೆಯಿಲ್ಲದ ಬೇರಿಂಗುಗಳು ಸುಟ್ಟುಹೋಗಲು ಬಹಳ ಹೊತ್ತು ಬೇಕಿಲ್ಲ.

ಹೊಗೆಯ ಬಣ್ಣವೂ ರೋಗವನ್ನು ಹೇಳುತ್ತದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿಯ ಆವಿ ಬಂದರೆ ಭಯವಿಲ್ಲ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಅದು ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವುಗಳ ಸೀಲು ಹಳತಾಗಿರಬಹುದು. ಏರಿನುದ್ದಕ್ಕೂ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿರಬಹುದು. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ದೊಡ್ಡದು. ಕಪ್ಪು ಹೊಗೆಯು ಇಂಧನ ಹೆಚ್ಚಾಗಿ ಗಾಳಿ ಸಾಲದಿರುವುದರ ಸೂಚನೆ. ಸುಗ್ಗಿಯಲ್ಲಿ ಕಣದ ಧೂಳಿನಲ್ಲಿ ಓಡಾಡಿದ ಕಾರಿನ ಏರ್ ಫಿಲ್ಟರನ್ನು ಮೊದಲು ತೆಗೆದು ನೋಡಬೇಕು.

ಕಾಣದ ಬೆಲ್ಟು

ಇಂಜಿನು ಸಂಜ್ಞೆ ಕೊಡದೆ ಕೆಡುವ ಮುಖ್ಯ ಸಂದರ್ಭವೆಂದರೆ ಟೈಮಿಂಗ್ ಬೆಲ್ಟು ಹರಿಯುವುದು. ಎಸ್ಟೀಮ್ ಮತ್ತು ಪೆಟ್ರೋಲ್ ಅಕ್ಸೆಂಟ್ ಕಾರುಗಳಲ್ಲಿ ರಬ್ಬರಿನ ಬೆಲ್ಟು ಇದೆ, ಡಿಜೈರಿನ 1.3 ಲೀಟರ್ ಡೀಸೆಲ್ ಇಂಜಿನಿನಲ್ಲಿ ಚೈನು ಇದೆ. ಬೆಲ್ಟು ಹರಿದರೆ ಇಂಜಿನು ತಕ್ಷಣ ನಿಲ್ಲುತ್ತದೆ. ಅನೇಕ ಇಂಜಿನುಗಳಲ್ಲಿ ಪಿಸ್ಟನ್ನು ಬಡಿದು ವಾಲ್ವುಗಳೇ ಬಾಗುತ್ತವೆ. ಹಳೆಯ ಕಾರು ಕೊಂಡವರಿಗೆ ಬೆಲ್ಟು ಬದಲಿಸಿದ ದಾಖಲೆ ಸಿಗದಿದ್ದರೆ, ಬದಲಿಸಿಲ್ಲವೆಂದೇ ಎಣಿಸಿ ಹೊಸದನ್ನು ಹಾಕಿಸುವುದು ಕ್ಷೇಮ. ಚೈನಿಗೆ ಆಯುಷ್ಯ ಹೆಚ್ಚು. ಆದರೂ ಎಣ್ಣೆ ಕೆಟ್ಟರೆ ಅದೂ ಸಡಿಲಾಗಿ, ಬೆಳಗಿನ ಸ್ಟಾರ್ಟಿನಲ್ಲಿ ಗರಗರ ಸದ್ದು ಮಾಡುತ್ತದೆ.

ಪಿಕಪ್ ಇಲ್ಲದಿರುವುದು, ಸ್ಟಾರ್ಟ್ ಆಗದಿರುವುದು

ಪೆಟ್ರೋಲ್ ಕಾರು ನಿಂತಲ್ಲಿಯೇ ನಡುಗಿ, ಏರಿನಲ್ಲಿ ಎಳೆಯದಿದ್ದರೆ ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿಯಬೇಕು. ಸ್ಪಾರ್ಕ್ ಪ್ಲಗ್ಗು, ಕಾಯಿಲು, ಇಂಜೆಕ್ಟರು ಈ ಕ್ರಮದಲ್ಲಿ ನೋಡಿಸಬೇಕು. ಇಂಜಿನಿನ ಗುರುತಿನ ಹಳದಿ ದೀಪವು ಮಿನುಗುತ್ತಿದ್ದರೆ ಓಡಿಸುವುದನ್ನು ನಿಲ್ಲಿಸಬೇಕು. ಉರಿಯದ ಪೆಟ್ರೋಲು ಹೊಗೆ ಶುದ್ಧಿಮಾಡುವ ಕನ್ವರ್ಟರನ್ನು ಸುಡುತ್ತದೆ. ಡೀಸೆಲ್ ಕಾರಿನಲ್ಲಿ ಇದೇ ಲಕ್ಷಣ ಕಂಡರೆ ಫಿಲ್ಟರಿನಲ್ಲಿ ಕೂಡಿದ ನೀರನ್ನು ಮೊದಲು ಬಸಿಯಬೇಕು.

ಇತ್ತೀಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ನಾವು ಬೆಳೆವ ಕಬ್ಬು, ಗೋವಿನಜೋಳಗಳಿಂದ ತಯಾರಾಗುವ ಎಥನಾಲನ್ನು ಪೆಟ್ರೋಲಿನಲ್ಲಿ ಬೆರೆಸುವ ಪ್ರಮಾಣವು 2025ರಲ್ಲಿ ನೂರಕ್ಕೆ 20ನ್ನು ಮುಟ್ಟಿತು. ರೈತನಿಗೆ ಇದರಿಂದ ಪ್ರಯೋಜನವುಂಟು. ಆದರೆ ನಾವು ಹೇಳುತ್ತಿರುವ ಕಾರುಗಳು ಈ ಮಿಶ್ರಣಕ್ಕೆಂದು ನಿರ್ಮಾಣಗೊಂಡವುಗಳಲ್ಲ. ಎಥನಾಲು ಹಳೆಯ ರಬ್ಬರಿನ ಪೈಪುಗಳನ್ನು ಬೇಗ ಸಡಿಲಿಸುತ್ತದೆ, ಟಾಕಿಯ ತಳದ ಕೊಳೆಯನ್ನು ಕರಗಿಸಿ ಫಿಲ್ಟರಿಗೆ ತರುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟಾಕಿಯೊಡನೆ ಕಾರನ್ನು ವಾರಗಟ್ಟಲೆ ನಿಲ್ಲಿಸಬಾರದು. ಕಾರಿನಲ್ಲಿ ಪೆಟ್ರೋಲಿನ ವಾಸನೆ ಬಂದರೆ ಅದನ್ನು ಅಲ್ಪವೆಂದು ಬಗೆಯಬಾರದು, ಬೆಂಕಿಯ ಭಯವಿದೆ. ಎಥನಾಲನ್ನು ತಾಳುವ ಪೈಪುಗಳನ್ನು ಹಾಕಿಸಿಕೊಳ್ಳಬೇಕು.

ಕೀಲಿ ತಿರುಗಿಸಿದಾಗ ಟಕಟಕ ಸದ್ದು ಮಾತ್ರ ಬಂದರೆ ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿಯ ಪುಡಿಯನ್ನು ಮೊದಲು ತೆಗೆಯಬೇಕು. ಇಂಜಿನು ಆರಿದಾಗ ಸುಮಾರು 12.6 ವೋಲ್ಟು, ಓಡುವಾಗ ಸುಮಾರು 14 ವೋಲ್ಟು ಇದ್ದರೆ ಬ್ಯಾಟರಿಯೂ ಅಲ್ಟರ್ನೇಟರೂ ಸರಿಯಾಗಿವೆ. ಹುಲ್ಲಿನ ಬಣವೆ, ಕಾಳಿನ ಚೀಲಗಳ ಹತ್ತಿರ ನಿಲ್ಲಿಸುವ ಕಾರುಗಳಲ್ಲಿ ಇಲಿಗಳು ವಯರು ಕಡಿಯುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಆದ್ದರಿಂದ ಬಾನೆಟ್ಟನ್ನು ಆಗಾಗ ತೆರೆದು ನೋಡುತ್ತಿರಬೇಕು.

ಮೆಕ್ಯಾನಿಕನ ಕಾಯಕ

ಶರಣರಲ್ಲಿ ವೈದ್ಯ ಸಂಗಣ್ಣನೂ ಇದ್ದನು, ಮೇದಾರ ಕೇತಯ್ಯನೂ ಇದ್ದನು. ಕೈಗೆ ಮಸಿ ಹತ್ತುವ ಕೆಲಸವನ್ನು ನಾವು ಕೀಳೆಂದು ಕಾಣಬಾರದು. ಒಳ್ಳೆಯ ಮೆಕ್ಯಾನಿಕನು ವೈದ್ಯನಂತೆ ಮೊದಲು ರೋಗವನ್ನು ತಿಳಿಯುತ್ತಾನೆ. ಅವನಿಗೆ ಸಮಯ ಕೊಡಬೇಕು. ಎಂದಿನಿಂದ, ಯಾವಾಗ, ಯಾವ ಸದ್ದು ಬರುತ್ತದೆಂದು ವಿವರವಾಗಿ ಹೇಳಬೇಕು. ಅವನ ಕೂಲಿಯಲ್ಲಿ ಜಗ್ಗಾಡಬಾರದು. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡುವುದು ನಮ್ಮ ಹಕ್ಕು. ಪತಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಬೇಕಾದುದಕ್ಕಿಂತ ಹೆಚ್ಚನ್ನು ಹಾಕದಿರುವುದು ಮೆಕ್ಯಾನಿಕನ ಧರ್ಮ. ಬೇಕಾದುದಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಸೆಂದು ಪೀಡಿಸದಿರುವುದು ಒಡೆಯನ ಧರ್ಮ.

ಹೊಸದಾಗಿ ಹಳೆಯ ಕಾರು ಕೊಳ್ಳುವವರಿಗೆ ಒಂದೆರಡು ಮಾತು. ನೋಡಲು ಹೋಗುವ ಮುನ್ನವೇ ಇಂಜಿನನ್ನು ಬಿಸಿ ಮಾಡಿಡಬಾರದೆಂದು ಮಾರುವವರಿಗೆ ತಿಳಿಸಿರಿ. ತಣ್ಣಗಿನ ಸ್ಟಾರ್ಟಿನಲ್ಲಿಯೇ ಸದ್ದು, ಹೊಗೆ ನಿಜ ಹೇಳುತ್ತವೆ. ತೊಳೆದು ಥಳಥಳಿಸುವ ಇಂಜಿನನ್ನು ಕಂಡು ಮರುಳಾಗಬೇಡಿರಿ. ಎಣ್ಣೆಯ ಸೋರಿಕೆಯನ್ನು ಮರೆಸಲೂ ತೊಳೆಯುವುದುಂಟು. ಪರಿಚಿತ ಮೆಕ್ಯಾನಿಕನನ್ನು ಜೊತೆಗೆ ಕರೆದೊಯ್ಯಿರಿ. ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆ ವೆಚ್ಚವನ್ನೂ ಬೆಲೆಯಲ್ಲಿ ಲೆಕ್ಕ ಹಿಡಿಯಿರಿ.

ಉಳವಿಗೆ ಹೊರಡುವವರು ಹಿಂದಿನ ರಾತ್ರಿಯವರೆಗೆ ಕಾಯದೆ, ಹದಿನೈದು ದಿನ ಮೊದಲೇ ಕಾರನ್ನು ತೋರಿಸಿರಿ. ಕೂಲಂಟು, ಎಣ್ಣೆ, ಫ್ಯಾನು, ರಬ್ಬರಿನ ಪೈಪುಗಳು, ಬೆಲ್ಟುಗಳು, ಬ್ಯಾಟರಿ, ಬ್ರೇಕು ಇಷ್ಟನ್ನಾದರೂ ನೋಡಿಸಿರಿ. ಡಿಕ್ಕಿಯಲ್ಲಿ ಐದು ಲೀಟರ್ ನೀರು, ಒಂದು ಡಬ್ಬಿ ಎಣ್ಣೆ, ಟಾರ್ಚು ಇರಲಿ. ಜೋಯಿಡಾದ ಕಾಡಿನಲ್ಲಿ ಎಲ್ಲೆಡೆ ಮೊಬೈಲು ಸಿಗುವುದಿಲ್ಲ, ಗ್ಯಾರೇಜುಗಳು ವಿರಳ. ವೃದ್ಧರನ್ನೂ ಕೂಸುಗಳನ್ನೂ ಕರೆದೊಯ್ಯುವವರು ಬೆಳಕಿರುವಾಗಲೇ ಏರನ್ನು ದಾಟಿರಿ. ಕಾರಿನಲ್ಲಿ ಒಂದು ಸ್ಥಳ ಖಾಲಿಯಿದ್ದರೆ ಹೋಗಲು ಅನುಕೂಲವಿಲ್ಲದ ಊರ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿರಿ. ಹಾದಿಯಲ್ಲಿ ಚಕ್ಕಡಿಗಳು ಎದುರಾದರೆ ಹಾರ್ನ್ ಮಾಡಿ ಎತ್ತುಗಳನ್ನು ಬೆದರಿಸದೆ, ಅವು ದಾರಿ ಬಿಡುವವರೆಗೆ ತಾಳ್ಮೆಯಿಂದ ಹಿಂದೆ ನಿಲ್ಲಿರಿ. ಆ ಬಿಡುವಿನಲ್ಲಿ ಶಾಖದ ಮುಳ್ಳನ್ನೊಮ್ಮೆ ನೋಡಿಕೊಳ್ಳಿರಿ.

ಎಲ್ಲರ ಯಾತ್ರೆಯೂ ಸುಖಕರವಾಗಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.