ಆಯಿಲ್ ಜಾಸ್ತಿಯಾಗಿದೆ ಅಂದ್ರೆ ನಗಬೇಡಿ

"ನಿನ್ ಕಾರಲ್ಲಿ ಆಯಿಲ್ ಜಾಸ್ತಿ ಆಗೈತಲ್ಲವ್ವಾ!" ಅಂತ ಅಪ್ಪ ಹೇಳಿದಾಗ ನಾನು ನಕ್ಕುಬಿಟ್ಟೆ. ಇಂಜಿನ್ ಆಯಿಲ್ ಕಮ್ಮಿಯಾಗೋದು ಗೊತ್ತು, ಜಾಸ್ತಿಯಾಗೋದು ಹೇಗೆ? ಅಪ್ಪ ನಗಲಿಲ್ಲ. ಆಯಿಲ್ ನೋಡುವ ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಡೀಸೆಲ್ ವಾಸನೆ.

ಸೋಮವಾರ ಬೆಳಿಗ್ಗೆ ಆರೂವರೆ, ನಿಟ್ಟೂರಿನ ನಮ್ಮ ಮನೆ ಅಂಗಳ. ಒಂಬತ್ತಕ್ಕೆ ಅಮ್ಮನನ್ನು ಕಣ್ಣಿನ ಪೊರೆ ಆಪರೇಷನ್ನಿಗೆ ತುಮಕೂರಿಗೆ ಕರೆದುಕೊಂಡು ಹೋಗಬೇಕಿತ್ತು. ಅದಕ್ಕೇ ಹಿಂದಿನ ರಾತ್ರಿ ಕಾರು ತಂದಿದ್ದು. ಇಲ್ಲದಿದ್ದರೆ ಊರಿಗೆ ನನ್ನದು ರೈಲೇ, ನಿಟ್ಟೂರಲ್ಲೇ ಸ್ಟೇಷನ್ ಇದೆಯಲ್ಲ. ಆದರೆ ಕ್ಯಾತ್ಸಂದ್ರ ದಾಟಿದ ಮೇಲೆ ಕಾರು ಎಳೆಯೋದನ್ನೇ ಬಿಟ್ಟಿತ್ತು. ಎಷ್ಟು ತುಳಿದರೂ 40ರ ಮೇಲೆ ಹೋಗಲಿಲ್ಲ, ತೆವಳಿಕೊಂಡೇ ಊರು ಸೇರಿದ್ದೆ.

ತಪ್ಪು ನನ್ನದೇ. ಎರಡು ವಾರದಿಂದ ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ಉರಿಯುತ್ತಿತ್ತು. 'ವೀಕೆಂಡ್ ನೋಡೋಣ' ಅಂದ್ಕೊಂಡೆ. ವರ್ಷಕ್ಕೆ 4,000 ಕಿ.ಮೀ. ಕೂಡ ಓಡಿಸಿಲ್ಲ, 10,000ಕ್ಕೆ ತಾನೇ ಸರ್ವಿಸ್? ಪುಸ್ತಕದಲ್ಲಿ 'ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಅಂತಲೂ ಇತ್ತು. ಓದಿದವರ್ಯಾರು! ಆಯುಧಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಹತ್ತಿಸಿದ್ದೇ ಸರ್ವಿಸ್ ಅಂದ್ಕೊಂಡಿದ್ದವಳು ನಾನು.

ಆಮೇಲೆ ಮೆಕ್ಯಾನಿಕ್ ಬಿಡಿಸಿ ಹೇಳಿದ್ದು ಇದು. ಏಪ್ರಿಲ್ 2020ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಮಸಿ ತುಂಬಿದಾಗ ಕಾರು ಒಂದಿಷ್ಟು ಡೀಸೆಲ್ ಹೆಚ್ಚಿಗೆ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಅದನ್ನು ಸುಡುತ್ತೆ. ಅದಕ್ಕೆ ಹೈವೇಯಲ್ಲಿ ಒಂದೇ ಸಮ ಹದಿನೈದು–ಇಪ್ಪತ್ತು ನಿಮಿಷ ಓಡಬೇಕು. ನನ್ನದು ಜಾಲಹಳ್ಳಿಯಿಂದ ಯಶವಂತಪುರ, ಬರೀ ಸಿಗ್ನಲ್ಲು. ಸುಡೋಕೆ ಶುರುವಾದಾಗಲೆಲ್ಲ ಆಫೀಸು ಬಂತು ಅಂತ ಕೀ ತಿರುಗಿಸಿಬಿಡ್ತಿದ್ದೆ. ಹಾಗೆ ಅರ್ಧಕ್ಕೆ ನಿಂತಾಗ ಉರಿಯದ ಡೀಸೆಲ್ ಜಾರಿ ಕೆಳಗಿನ ಆಯಿಲ್‌ಗೆ ಸೇರುತ್ತೆ. ಆಯಿಲ್ 'ಹೆಚ್ಚಾಗೋದು' ಹೀಗೆ. ತೆಳ್ಳಗಾದ ಆಯಿಲ್ ಬೇರಿಂಗನ್ನೂ ಕಾಯಲ್ಲ, ಟರ್ಬೋನೂ ಕಾಯಲ್ಲ.

"ಇದನ್ನ ಸ್ಟಾರ್ಟೇ ಮಾಡ್ಬೇಡ" ಅಂದರು ಅಪ್ಪ. ತೆಂಗಿನಕಾಯಿ ಹೊರೋ 2009ರ ಪಿಕಪ್‌ನಲ್ಲಿ ಅಮ್ಮನನ್ನು ನಡುವೆ ಕೂರಿಸಿಕೊಂಡು ಹೊರಟೆವು. ಆ ಗಾಡಿಗೆ ಡಿಪಿಎಫ್ ಇಲ್ಲ, ಸೆನ್ಸರ್ ಹೆಚ್ಚಿಲ್ಲ. ಆದರೆ ಅಪ್ಪ ಹದಿನೈದು ದಿನಕ್ಕೊಮ್ಮೆ ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸುತ್ತಾರೆ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತೆ. ತೋಟದ ದಾರಿ ಧೂಳು ಅಂತ ಏರ್ ಫಿಲ್ಟರನ್ನೂ ಆಗಾಗ ಬಿಚ್ಚಿ ನೋಡ್ತಾರೆ. ಇದನ್ನೆಲ್ಲ ನೋಡಿ 'ಕೆಲಸ ಇಲ್ವಾ ಇವರಿಗೆ' ಅಂತಿದ್ದವಳೂ ನಾನೇ.

ಕಾರು ತುಮಕೂರಿಗೆ ಹೋಗಿದ್ದು ಟೋ ಮಾಡಿಕೊಂಡು. ಆಯಿಲ್ ಬದಲಾವಣೆ, ಸ್ಕ್ಯಾನರ್ ಹಾಕಿ ಮಸಿ ಸುಡಿಸಿದ್ದು, ಟೋ ಎಲ್ಲ ಸೇರಿ 18,000 ರೂಪಾಯಿ. ಫಿಲ್ಟರೇ ಬದಲಾಯಿಸಬೇಕಾಗಿದ್ದರೆ ಇದರ ಎಷ್ಟೋ ಪಟ್ಟು ಆಗ್ತಿತ್ತು. ಆಯಿಲ್ ಕೂಡ ಯಾವುದೋ ಹಾಕೋ ಹಾಗಿಲ್ಲ. ಡಿಪಿಎಫ್ ಇರೋ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು, ಕಾರಿನ ಪುಸ್ತಕದಲ್ಲಿ ಗ್ರೇಡ್ ಇರುತ್ತೆ.

ಈಗ ಎರಡು ವಾರಕ್ಕೊಂದು ಭಾನುವಾರ ದಾಬಸ್‌ಪೇಟೆವರೆಗೆ ಹೋಗಿ ಇಡ್ಲಿ ತಿಂದು ಬರ್ತೀನಿ, ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯೋಕೆ ಬಿಡಲ್ಲ. ಡೀಸೆಲ್ ತೀರಾ ಕಮ್ಮಿ ಇದ್ದರೆ ಎಷ್ಟೋ ಕಾರುಗಳು ಮಸಿ ಸುಡೋದನ್ನೇ ಶುರು ಮಾಡಲ್ಲ. ಇಳಿದ ಮೇಲೂ ಫ್ಯಾನ್ ಜೋರಾಗಿ ತಿರುಗ್ತಾ ಇದ್ದರೆ, ಇನ್ನೂ ಸುಡ್ತಿದೆ ಅಂತ ತಿಳಿದು ಮತ್ತೊಂದು ಸುತ್ತು ಹೊಡೀತೀನಿ.

ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ತಿಂಗಳು. "ಈ ಸಲ ಕಾರಲ್ಲೇ ಹೋಗೋಣಮ್ಮ, ಎಲ್ಲ ಸರಿ ಮಾಡ್ಸಿದ್ದೀನಿ" ಅಂದೆ. ಅಮ್ಮ ಏನೂ ಹೇಳಲಿಲ್ಲ, ಪಿಕಪ್ ಕಡೆ ಕೈ ತೋರಿಸಿದಳು.