ಕ್ಷೋಭೆಗೊಂಡ ನಾಡಿಗೆ ಪ್ರವಾಸ: ನಿಲ್ಲುವ ವಿವೇಕ, ಮರಳುವ ಕರ್ತವ್ಯ

ವಿದೇಶಯಾತ್ರೆಯು ಸಿರಿವಂತರ ವಿಲಾಸವಾಗಿದ್ದ ಕಾಲ ಕಳೆದು, ನಿವೃತ್ತಿ ವೇತನದಲ್ಲಿ ಮಿತವ್ಯಯದಿಂದ ಬಾಳುವ ಜಯನಗರದ ಹಿರಿಯ ದಂಪತಿಗಳಿಗೂ, ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೊಠಡಿಗಳಲ್ಲಿ ವಾಸಿಸುವ ತರುಣ ಉದ್ಯೋಗಿಗಳಿಗೂ ಅದು ಎಟುಕುವಂತಾದ ಮೇಲೆ, ಹಿಂದಿನ ತಲೆಮಾರಿನವರು ಅಪರೂಪವಾಗಿ ಎದುರಿಸುತ್ತಿದ್ದ ಪ್ರಶ್ನೆಯೊಂದು ಈಗ ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಮೇಲಿಂದ ಮೇಲೆ ತಲೆಯೆತ್ತುತ್ತಿದೆ. ಹೋಗಬೇಕೆಂದು ನಿಶ್ಚಯಿಸಿ, ಹಣ ಕಟ್ಟಿ, ರಜೆಯನ್ನೂ ಪಡೆದಾದ ಮೇಲೆ ಆ ದೇಶದಲ್ಲಿ ರಾಜಕೀಯ ಕ್ಷೋಭೆಯು ಭುಗಿಲೆದ್ದರೆ ಮಾಡತಕ್ಕದ್ದೇನು? 2025ರ ಸೆಪ್ಟೆಂಬರ್ ತಿಂಗಳಲ್ಲಿ, ದಸರಾ ರಜೆಗೆ ಎರಡು ವಾರಗಳಷ್ಟೇ ಉಳಿದಿರುವಾಗ, ನೇಪಾಳದ ದಂಗೆಯು ಈ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾದ ರೂಪದಲ್ಲಿ ನಮ್ಮ ಮುಂದಿಟ್ಟಿತು.

ಕನ್ನಡಿಗರಿಗೆ ನೇಪಾಳದೊಡನೆ ಇರುವ ನಂಟು ಹಿಮಗಿರಿಗಳ ನೋಟಕ್ಕಿಂತ ಹಳೆಯದು. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಸಲ್ಲಿಸುವ ಭಟ್ಟರು ಬಹುಕಾಲದಿಂದ ಕರ್ನಾಟಕದಿಂದ ಹೋದವರು. ಸುಮಾರು 3,700 ಮೀಟರ್ ಎತ್ತರದಲ್ಲಿರುವ ಮುಕ್ತಿನಾಥವು ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಬನಶಂಕರಿ, ಜಯನಗರಗಳ ಎಷ್ಟೋ ಮನೆಗಳಲ್ಲಿ ನಿತ್ಯಪೂಜೆಗೊಳ್ಳುವ ಸಾಲಿಗ್ರಾಮಗಳು ಗಂಡಕೀ ನದಿಯ ಪಾತ್ರದಿಂದ ಬಂದವು. ಪಾಸ್‌ಪೋರ್ಟು ಇಲ್ಲದವರೂ ಮತದಾರರ ಗುರುತಿನ ಚೀಟಿಯನ್ನು ತೋರಿಸಿ ಅಲ್ಲಿಗೆ ಹೋಗಬಹುದಾದುದರಿಂದ, ಅಡುಗೆಯವರನ್ನೂ ಜೊತೆಗೊಯ್ದು ದಾರಿಯುದ್ದಕ್ಕೂ ಅನ್ನ ಸಾರು ಬಡಿಸುವ ಪ್ರವಾಸ ಸಂಸ್ಥೆಗಳ ನೆರವಿನಿಂದ, ಬೇರೆ ಯಾವ ವಿದೇಶವನ್ನೂ ಕಾಣದ ವೃದ್ಧರು ಕೂಡ ಆ ಒಂದು ನಾಡನ್ನು ಕಂಡು ಬರುತ್ತಾರೆ. ಪುಣ್ಯಕ್ಷೇತ್ರವೆಂಬ ಕಾರಣದಿಂದ ಅದು ರಾಜಕಾರಣದ ಬಿಸಿಯಿಂದ ಹೊರತಾಗಿರುವುದೆಂದು ಭಾವಿಸುವುದು ಮಾತ್ರ ಸರಿಯಲ್ಲ. 2008ರ ಕೊನೆಯಲ್ಲಿ ಅಲ್ಲಿನ ಮಾವೋವಾದಿ ನಾಯಕತ್ವದ ಸರ್ಕಾರವು ಪಶುಪತಿನಾಥನ ಭಾರತೀಯ ಅರ್ಚಕರ ಸ್ಥಾನದಲ್ಲಿ ನೇಪಾಳಿಗಳನ್ನು ನಿಯಮಿಸಲು ಹೊರಟು, ಎದುರಾದ ಪ್ರತಿಭಟನೆಗೆ ಮಣಿದು ಹಿಂದೆಗೆಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಅರ್ಚಕರಿಬ್ಬರ ಮೇಲೆ ಹಲ್ಲೆಯೂ ನಡೆಯಿತು.

2025ರ ದಂಗೆಯು ಬೆಳೆದ ವೇಗವನ್ನು ಗಮನಿಸಬೇಕು. ಸೆಪ್ಟೆಂಬರ್ 4ರಂದು ಸರ್ಕಾರವು 26 ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿತು. 8ರಂದು ಭ್ರಷ್ಟಾಚಾರದ ವಿರುದ್ಧ ಬೀದಿಗಿಳಿದ ಯುವಜನರ ಮೇಲೆ ಗುಂಡು ಹಾರಿ, ಒಂದೇ ದಿನದಲ್ಲಿ 19 ಮಂದಿ ಪ್ರಾಣ ಬಿಟ್ಟರು. 9ರಂದು ಸಂಸತ್ ಭವನ, ಸರ್ಕಾರದ ಆಡಳಿತ ಕೇಂದ್ರವಾದ ಸಿಂಹ ದರ್ಬಾರ್, ಸರ್ವೋಚ್ಚ ನ್ಯಾಯಾಲಯಗಳು ಹೊತ್ತಿ ಉರಿದುವು, ಪ್ರಧಾನಿ ಕೆ.ಪಿ. ಶರ್ಮ ಓಲಿ ಅಧಿಕಾರ ತ್ಯಜಿಸಿದರು, ತ್ರಿಭುವನ ವಿಮಾನ ನಿಲ್ದಾಣವು ಮುಚ್ಚಿತು. ಮರುದಿನ ಸಂಜೆ ನಿಲ್ದಾಣ ತೆರೆಯಿತು. 12ರಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. 2026ರ ಮಾರ್ಚ್ 5ಕ್ಕೆ ಚುನಾವಣೆ ನಿಗದಿಯಾಯಿತು. ಸತ್ತವರ ಸಂಖ್ಯೆ ಎಪ್ಪತ್ತನ್ನು ದಾಟಿತು. ಪಶುಪತಿನಾಥನ ದರ್ಶನಕ್ಕೆಂದು ಹೋಗಿದ್ದ ಭಾರತೀಯ ಮಹಿಳೆಯೊಬ್ಬರು, ತಂಗಿದ್ದ ಹೋಟೆಲಿಗೆ ಬೆಂಕಿ ಬಿದ್ದಾಗ ಪಾರಾಗುವ ಯತ್ನದಲ್ಲಿ ಮೃತರಾದರು. ಕನ್ನಡ ನಾಡಿನ ಹತ್ತಾರು ಮಂದಿ ಅಲ್ಲಿ ಸಿಲುಕಿಕೊಂಡರು. ಅವರನ್ನು ಕ್ಷೇಮವಾಗಿ ಕರೆತರುವಂತೆ ಮುಖ್ಯಮಂತ್ರಿಗಳು ಅಧಿಕಾರಿಗಳಿಗೆ ಸೂಚಿಸಿದರು.

ಇಂತಹ ಸಂದರ್ಭದಲ್ಲಿ ನಮಗೆ ದೊರೆಯುವ ಸಲಹೆಗಳು ಎರಡು ಬಗೆಯವು. ದೂರದರ್ಶನದ ಪರದೆಯಲ್ಲಿ ಜ್ವಾಲೆಯನ್ನು ಕಂಡವರು, ಆ ದೇಶದ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕೆನ್ನುತ್ತಾರೆ. ವಿಮಾನದ ದರವೂ ಹೋಟೆಲಿನ ಬಾಡಿಗೆಯೂ ಇಳಿದುದನ್ನು ಕಂಡವರು, ಜನಸಂದಣಿಯಿಲ್ಲದೆ ಅಗ್ಗವಾಗಿ ನೋಡಿ ಬರಲು ಇದೇ ಸುಸಮಯವೆನ್ನುತ್ತಾರೆ. ಮೊದಲನೆಯದು ಭಯದ ಮಾತು, ಎರಡನೆಯದು ಲಾಭದ ಮಾತು. ಎರಡರಲ್ಲಿಯೂ ಆ ನಾಡಿನ ಜನರಿಗೆ ಸ್ಥಾನವಿಲ್ಲ. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ನಿರ್ಧಾರವೂ ಪೂರ್ಣವಾಗಲಾರದೆಂಬುದು ನನ್ನ ಅಭಿಪ್ರಾಯ.

ಭಯದ ಮಾತಿನ ಕೊರತೆಯನ್ನು ಅರಿಯಲು ನಾವು ದೂರ ಹೋಗಬೇಕಾದುದಿಲ್ಲ. 2016ರ ಸೆಪ್ಟೆಂಬರ್ 12ರಂದು, ಕಾವೇರಿ ನೀರಿನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶವು ಹೊರಬಿದ್ದಾಗ, ಬನಶಂಕರಿ ಮೂರನೆಯ ಹಂತಕ್ಕೆ ಸಮೀಪದ ಡಿಸೋಜಾ ನಗರದಲ್ಲಿ ನಿಂತಿದ್ದ ತಮಿಳುನಾಡಿನ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಸುಟ್ಟು ಬೂದಿಯಾದುವು; ನಗರದ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ನಿಷೇಧಾಜ್ಞೆಯು ಕರ್ಫ್ಯೂವಿನ ರೂಪ ತಳೆಯಿತು. ಅಂದು ಹೊರಗಿನವರ ಕಣ್ಣಿಗೆ ಬೆಂಗಳೂರು ಉರಿಯುತ್ತಿದ್ದ ನಗರ. ಆದರೆ ಇದೇ ನಗರದ ಬಹುಭಾಗವು ಬಾಗಿಲು ಮುಚ್ಚಿಕೊಂಡು ಮೌನವಾಗಿತ್ತೆಂಬುದನ್ನೂ, ಕೆಲವೇ ದಿನಗಳಲ್ಲಿ ಅಂಗಡಿ, ಶಾಲೆ, ಕಚೇರಿಗಳು ಎಂದಿನಂತೆ ನಡೆದುವೆಂಬುದನ್ನೂ ಇಲ್ಲಿದ್ದ ನಾವು ಬಲ್ಲೆವು. ಹಾಗೆಯೇ ಆ ದಿನ ತಮಿಳುನಾಡಿನ ನೋಂದಣಿ ಫಲಕದ ವಾಹನದಲ್ಲಿ ನಗರವನ್ನು ಪ್ರವೇಶಿಸಿದವನಿಗೆ, ನಗರದ ಬಹುಭಾಗ ಶಾಂತವಾಗಿದೆಯೆಂಬ ಮಾತು ಯಾವ ಸಮಾಧಾನವನ್ನೂ ಕೊಡಲಾರದಾಗಿತ್ತೆಂಬುದನ್ನೂ ಒಪ್ಪಬೇಕು.

ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದರೆ, ದೇಶದ ಹೆಸರಿಗಿಂತ ಮುಖ್ಯವಾದ ಎರಡು ವಿಚಾರಗಳು ಸ್ಪಷ್ಟವಾಗುತ್ತವೆ. ಕ್ಷೋಭೆಯ ಕೋಪ ಯಾರ ಮೇಲೆ ತಿರುಗಿದೆ ಎಂಬುದು ಒಂದು. ಅದು ಬೆಳೆದರೆ ಹೊರಬರುವ ದಾರಿ ತೆರೆದಿರುವುದೋ ಎಂಬುದು ಇನ್ನೊಂದು. ನೇಪಾಳದ ಯುವಜನರ ಕೋಪವು ಪ್ರವಾಸಿಗರ ಮೇಲಿರಲಿಲ್ಲ. ಆದರೂ ಅಧಿಕಾರಸ್ಥರ ಸಂಪತ್ತಿನ ಕುರುಹುಗಳೆಂದು ಭಾವಿಸಿದ ಕಟ್ಟಡಗಳಿಗೆ ಬೆಂಕಿಯಿಟ್ಟಾಗ, ಕಠ್ಮಂಡುವಿನ ದೊಡ್ಡ ಹೋಟೆಲುಗಳೂ ಅದಕ್ಕೆ ಆಹುತಿಯಾದುವು. ಸಮುದ್ರವಿಲ್ಲದ ಆ ದೇಶದಲ್ಲಿ ರಾಜಧಾನಿಯ ನಿಲ್ದಾಣವು ಮುಚ್ಚಿದರೆ ಉಳಿಯುವುದು ಸೋನೌಲಿ, ರಕ್ಸೌಲ್‌ಗಳ ಗಡಿಗೆ ಇಳಿಯುವ ದೀರ್ಘವಾದ ಬೆಟ್ಟದ ಹಾದಿ. ಮುಕ್ತಿನಾಥದ ಎತ್ತರದಲ್ಲಿರುವ ಎಪ್ಪತ್ತರ ವಯಸ್ಸಿನವರಿಗೆ ಅದೂ ಸುಲಭವಲ್ಲ. ಮತದಾರರ ಚೀಟಿಯನ್ನು ಮಾತ್ರ ಹಿಡಿದು ಹೋದವರಿಗೆ ಮೂರನೆಯ ದೇಶದ ಮೂಲಕ ಮರಳುವ ಮಾರ್ಗವೂ ಇಲ್ಲ. ಆದುದರಿಂದ ಸೆಪ್ಟೆಂಬರ್ 9ರಂದು ವಿದೇಶಾಂಗ ಸಚಿವಾಲಯವು ನೇಪಾಳಯಾತ್ರೆಯನ್ನು ಮುಂದೂಡಿರೆಂದು ಹೇಳಿದುದು ಯುಕ್ತವಾಗಿತ್ತು. ಅದನ್ನು ಲಕ್ಷಿಸದೆ ಹೊರಟಿದ್ದರೆ ಅದನ್ನು ಧೈರ್ಯವೆನ್ನಲಾಗುತ್ತಿರಲಿಲ್ಲ.

ಎಚ್ಚರಿಕೆಗೂ ಒಂದು ಮಿತಿಯುಂಟೆಂಬುದನ್ನು ಶ್ರೀಲಂಕೆಯು ನಮಗೆ ಅತಿ ಕಠೋರವಾಗಿ ತಿಳಿಸಿತು. 2019ರ ಏಪ್ರಿಲ್ 18ರಂದು ಲೋಕಸಭೆಯ ಮತದಾನವು ಮುಗಿದ ಮೇಲೆ, ಚುನಾವಣೆಯ ದಣಿವಾರಿಸಿಕೊಳ್ಳಲು ಜಾತ್ಯತೀತ ಜನತಾದಳದ ಕಾರ್ಯಕರ್ತರ ಒಂದು ಗುಂಪು ಬೆಂಗಳೂರಿನ ಕಡೆಯಿಂದ ಕೊಲಂಬೊಗೆ ತೆರಳಿತು. ಅಂತರ್ಯುದ್ಧವು ಕೊನೆಗೊಂಡು ಹತ್ತು ವರ್ಷಗಳಾಗುತ್ತಿದ್ದ, ಶಾಂತವೆಂದು ಲೋಕವೆಲ್ಲ ನಂಬಿದ್ದ ದ್ವೀಪವದು. ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲಿಯೂ ಹೋಟೆಲುಗಳಲ್ಲಿಯೂ ಸಿಡಿದ ಬಾಂಬುಗಳಿಗೆ ಬಲಿಯಾದ ಸುಮಾರು 270 ಜನರಲ್ಲಿ ಆ ಗುಂಪಿನ ಹಲವರೂ ಸೇರಿದ್ದರು. ಅವರ ನಿರ್ಧಾರದಲ್ಲಿ ತಪ್ಪು ಹುಡುಕುವುದು ಅನ್ಯಾಯ. ಯಾವ ವಿವೇಕವೂ ಮುನ್ನರಿಯಲಾಗದ ಆಪತ್ತುಂಟು. ಅದರ ಹೆದರಿಕೆಯಿಂದ ಮನೆಯಲ್ಲಿಯೇ ಉಳಿಯಬೇಕೆಂದರೆ ಬದುಕು ಸಂಕುಚಿತವಾಗುತ್ತದೆ. ನಾವು ಹೊಣೆಯಾಗತಕ್ಕದ್ದು ಕಣ್ಣೆದುರಿಗೆ ಕಾಣುತ್ತಿರುವ ಆಪತ್ತಿಗೆ.

ಅದೇ ದ್ವೀಪವು 2022ರಲ್ಲಿ ಇನ್ನೊಂದು ಬಗೆಯ ಪ್ರಶ್ನೆಯನ್ನು ಒಡ್ಡಿತು. ಏಪ್ರಿಲ್‌ನಲ್ಲಿ ವಿದೇಶೀ ಸಾಲವನ್ನು ತೀರಿಸಲಾಗದೆಂದು ಸರ್ಕಾರ ಘೋಷಿಸಿತು. ಜೂನ್ ಕೊನೆಯ ಹೊತ್ತಿಗೆ ಅತ್ಯಾವಶ್ಯಕ ಸೇವೆಗಳಿಗೆ ಹೊರತು ಇಂಧನದ ಮಾರಾಟವೇ ನಿಂತಿತು. ಜುಲೈ 9ರಂದು ಜನರು ರಾಷ್ಟ್ರಾಧ್ಯಕ್ಷರ ಭವನವನ್ನು ಹೊಕ್ಕರು, ಕೆಲವೇ ದಿನಗಳಲ್ಲಿ ರಾಷ್ಟ್ರಾಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟರು. ಈ ಅವಧಿಯಲ್ಲಿ ಜನರ ಕ್ರೋಧವು ಪ್ರವಾಸಿಗರ ಕಡೆಗೆ ತಿರುಗಲಿಲ್ಲ. ಹಾಗಾದರೆ ಹೋಗಬಹುದಿತ್ತೇ? ಮಗುವಿಗೆ ಹಾಲಿನ ಪುಡಿಯೂ ರೋಗಿಗೆ ಔಷಧವೂ ದುರ್ಲಭವಾದ ಊರಿನಲ್ಲಿ, ಎರಡು ದಿನ ಸಾಲಿನಲ್ಲಿ ನಿಂತವನಿಗೆ ಸಿಗದ ಪೆಟ್ರೋಲು ನಮ್ಮ ವಿಹಾರದ ವಾಹನಕ್ಕೆ ದೊರೆಯುವುದಾದರೆ, ನಮ್ಮ ಆನಂದವು ಅವರ ಪಾಲಿನಿಂದ ಕಿತ್ತುಕೊಂಡದ್ದಾಗುತ್ತದೆ ಎಂಬುದು ಒಂದು ವಾದ. ಅದಕ್ಕೆ ಪ್ರತಿವಾದವನ್ನು ಶ್ರೀಲಂಕೆಯ ಜನರೇ ಮುಂದಿಟ್ಟರು. ಆ ಸಂಕಟದ ನಡುವೆಯೂ ಆಸ್ಟ್ರೇಲಿಯದ ಕ್ರಿಕೆಟ್ ತಂಡವು ಪ್ರವಾಸವನ್ನು ಕೈಬಿಡದೆ ಬಂದುದಕ್ಕಾಗಿ, ಜೂನ್ 24ರಂದು ಕೊಲಂಬೊದ ಪ್ರೇಮದಾಸ ಕ್ರೀಡಾಂಗಣದಲ್ಲಿ ಸಾವಿರಾರು ಪ್ರೇಕ್ಷಕರು ಎದುರಾಳಿಗಳ ಹಳದಿ ಬಣ್ಣವನ್ನೇ ಧರಿಸಿ ಧನ್ಯವಾದ ಹೇಳಿದರು. ವಿದೇಶೀ ವಿನಿಮಯಕ್ಕಾಗಿ ಪರಿತಪಿಸುತ್ತಿದ್ದ ದೇಶಕ್ಕೆ ಅತಿಥಿಯು ಭಾರವಾಗಿರಲಿಲ್ಲ, ಆಸರೆಯಾಗಿದ್ದನು. ಆದುದರಿಂದ ನಮ್ಮ ಬರವು ಹೊರೆಯೋ ನೆರವೋ ಎಂಬುದನ್ನು ಇಲ್ಲಿ ಕುಳಿತು ನಾವೇ ತೀರ್ಮಾನಿಸುವುದಕ್ಕಿಂತ, ಅಲ್ಲಿನ ಜನರು ಏನನ್ನು ಬಯಸುತ್ತಿದ್ದಾರೆಂಬುದನ್ನು ಕೇಳಿ ತಿಳಿಯುವುದು ಉತ್ತಮ.

ಆತಿಥೇಯರ ಮಾತಿಗೆ ಕಿವಿಗೊಡುವ ಈ ನೀತಿಗೆ ಇನ್ನೊಂದು ಮುಖವೂ ಉಂಟು. 1996ನ್ನು ಪ್ರವಾಸವರ್ಷವೆಂದು ಸಾರಿ ಬರ್ಮಾದ ಸೈನಿಕ ಸರ್ಕಾರವು ಲೋಕವನ್ನೆಲ್ಲ ಕರೆದಾಗ, ಬರಬೇಡಿರೆಂದು ಕೇಳಿಕೊಂಡವರು ಆ ದೇಶದ ಜನರು ಆರಿಸಿದ್ದ ನಾಯಕಿ ಆಂಗ್ ಸಾನ್ ಸೂಕಿಯವರೇ. ದಕ್ಷಿಣ ಆಫ್ರಿಕದ ವರ್ಣಭೇದದ ವಿಷಯದಲ್ಲಿ ಭಾರತವು 1946ರಲ್ಲಿಯೇ ವ್ಯಾಪಾರ ಸಂಬಂಧವನ್ನು ಕಡಿದುಕೊಂಡಿತು. 1974ರಲ್ಲಿ ಡೇವಿಸ್ ಕಪ್ ಟೆನಿಸಿನ ಅಂತಿಮ ಪಂದ್ಯವನ್ನೇ ಆ ದೇಶದ ಎದುರು ಆಡದೆ ಬಿಟ್ಟುಕೊಟ್ಟಿತು. ಜನರನ್ನು ತುಳಿದು ನಿಂತ ಆಳ್ವಿಕೆಯ ಬೊಕ್ಕಸಕ್ಕೆ ನಮ್ಮ ರಜೆಯ ಹಣ ಸೇರುವುದಾದರೆ, ದೇಹಕ್ಕೆ ಅಪಾಯವಿಲ್ಲದಿದ್ದರೂ ಹೋಗದಿರುವುದೇ ಧರ್ಮ.

ಇನ್ನು ವ್ಯಕ್ತಿಸ್ವಾತಂತ್ರ್ಯದ ವಿಚಾರ. ತನ್ನ ಪ್ರಾಣಕ್ಕೆ ತಾನು ಅಪಾಯವನ್ನು ತಂದುಕೊಳ್ಳುವ ಹಕ್ಕು ವಯಸ್ಕನಿಗೆ ಇದೆಯೆಂದು ವಾದಿಸುವ ತರುಣರ ಮಾತನ್ನು ತಾತ್ತ್ವಿಕವಾಗಿ ನಿರಾಕರಿಸುವುದು ಕಷ್ಟ. ಆದರೆ ನಮ್ಮ ಪ್ರವಾಸಗಳಲ್ಲಿ ಒಬ್ಬನು ತನಗಾಗಿ ಮಾತ್ರ ನಿರ್ಧರಿಸುವುದು ವಿರಳ. ಮಗನು ತಾಯಿತಂದೆಯರ ಯಾತ್ರೆಗೆ ಹಣ ಕಟ್ಟುತ್ತಾನೆ. ದಂಪತಿಗಳು ಮಕ್ಕಳನ್ನು ಕರೆದೊಯ್ಯುತ್ತಾರೆ. ಪ್ರವಾಸ ಸಂಸ್ಥೆಯವನು ನಲವತ್ತು ಮಂದಿಯ ಪರವಾಗಿ ತೀರ್ಮಾನಿಸುತ್ತಾನೆ. ರಕ್ತದೊತ್ತಡದ ಮಾತ್ರೆಯು ಹತ್ತು ದಿನಕ್ಕೆ ಸಾಲುವಷ್ಟೇ ಚೀಲದಲ್ಲಿರುವ ವೃದ್ಧೆಯ ವಿಷಯದಲ್ಲಿ ಸಾಹಸದ ಹಕ್ಕನ್ನು ಬೇರೊಬ್ಬರು ಚಲಾಯಿಸಲಾಗದು. ಸಿಲುಕಿದವರನ್ನು ಬಿಡಿಸಿ ತರುವ ಶಕ್ತಿಯೂ ಅಪಾರವಾದುದಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಸಿಡಿದಾಗ, ಮೂಲಿಕೆಗಳನ್ನು ಮಾರಿ ಹೊಟ್ಟೆ ಹೊರೆಯಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರು ಗುಂಡಿನ ನಡುವೆ ಸಿಲುಕಿ, ‘ಆಪರೇಷನ್ ಕಾವೇರಿ’ಯ ಮೂಲಕ ಮರಳಿದರು. ಅನ್ನಕ್ಕಾಗಿ ಹೋದವನಿಗೂ ವಿದ್ಯೆಗಾಗಿ ಹೋದವನಿಗೂ ಬೇರೆ ದಾರಿಯಿರಲಿಲ್ಲ. ಎಚ್ಚರಿಕೆಯನ್ನು ಕೇಳಿಯೂ ವಿಹಾರಕ್ಕೆ ಹೊರಟವನು, ಇಂತಹವರಿಗೆ ಮೀಸಲಾಗತಕ್ಕ ಆಸನವೊಂದನ್ನು ತಾನು ತುಂಬಬಹುದೆಂಬುದನ್ನು ನೆನೆಯಬೇಕು.

ಈವರೆಗೆ ಹೇಳಿದುದು ನಿಲ್ಲುವ ವಿವೇಕ. ಅಷ್ಟಕ್ಕೇ ನಿಂತರೆ ನಮ್ಮ ಕರ್ತವ್ಯ ಅರ್ಧವಾಗುತ್ತದೆ. ದಂಗೆಯು ವಾರದಲ್ಲಿ ಮುಗಿದರೂ, ನಮ್ಮ ಮನಸ್ಸಿನಲ್ಲಿ ಉಳಿದ ಅದರ ಚಿತ್ರವು ವರ್ಷಗಟ್ಟಲೆ ಮಾಸುವುದಿಲ್ಲ. ಆ ಅವಧಿಯಲ್ಲಿ ದಂಡವನ್ನು ತೆರುವವರು ದಂಗೆಯೆದ್ದವರೂ ಅಲ್ಲ, ಅಧಿಕಾರ ಕಳೆದುಕೊಂಡವರೂ ಅಲ್ಲ. ಹೊರೆ ಹೊರುವ ಶೆರ್ಪಾ, ಪೋಖರಾದ ದೋಣಿಯವನು, ಮುಕ್ತಿನಾಥದ ಹಾದಿಯ ಜೀಪಿನ ಚಾಲಕ. ನಮ್ಮ ದಸರೆಯೇ ಅವರ ದಶೈಂ. ಮಳೆ ನಿಂತು ಹಿಮಗಿರಿಗಳು ನಿಚ್ಚಳವಾಗಿ ತೋರುವ ಶರದೃತುವೇ ಅವರ ಸಂಪಾದನೆಯ ಕಾಲ. 2018ರಲ್ಲಿ 23 ಲಕ್ಷ ವಿದೇಶಿಯರನ್ನು ಕಂಡಿದ್ದ ಶ್ರೀಲಂಕೆಗೆ 2022ರಲ್ಲಿ ಬಂದವರು ಸುಮಾರು 7.2 ಲಕ್ಷ ಮಾತ್ರ. 2024ರಲ್ಲಿ ಆ ಸಂಖ್ಯೆಯು ಮತ್ತೆ 20 ಲಕ್ಷವನ್ನು ದಾಟಿದಾಗ, ಬಂದವರಲ್ಲಿ ಮೊದಲ ಸ್ಥಾನ ಭಾರತೀಯರದು. ನೆರೆಯವನ ಮನೆಯಲ್ಲಿ ಕಲಹವಾದಾಗ ಒಳಹೊಗದಿರುವುದು ಸೌಜನ್ಯ. ಕಲಹ ಅಡಗಿದ ಮೇಲೂ ಆ ಬೀದಿಯಲ್ಲಿ ಹಾಯದಿರುವುದು ನಿರ್ದಯತೆ.

ಆದುದರಿಂದ ನಾನು ಪ್ರತಿಪಾದಿಸುವ ನಿಯಮ ಇದು: ಯಾತ್ರೆಯನ್ನು ಮುಂದೂಡಿರಿ, ರದ್ದು ಮಾಡದಿರಿ. ಇದು ಕುಟುಂಬಗಳ ಸದ್ಬುದ್ಧಿಯಿಂದ ಮಾತ್ರ ಸಾಧ್ಯವಾಗದು. ವಿದೇಶಾಂಗ ಸಚಿವಾಲಯದ ಎಚ್ಚರಿಕೆ ಜಾರಿಯಲ್ಲಿರುವಷ್ಟು ಕಾಲ, ದಂಡ ವಿಧಿಸದೆ ಯಾತ್ರೆಯ ದಿನವನ್ನು ಬದಲಿಸಿಕೊಡುವ ಷರತ್ತು ಪ್ರವಾಸ ಸಂಸ್ಥೆಗಳ ಕರಾರಿನಲ್ಲಿರಬೇಕು. ಕಟ್ಟಿದ ಹಣ ಮುಳುಗುವುದೆಂಬ ಒಂದೇ ಕಾರಣದಿಂದ ವೃದ್ಧರು ಅಪಾಯಕ್ಕೆ ಹೊರಡುವಂತಾಗಬಾರದು. ಪ್ರಯಾಣ ವಿಮೆಗಳು ಸಾಮಾನ್ಯವಾಗಿ ಯುದ್ಧವನ್ನೂ, ಅನೇಕ ವೇಳೆ ಗಲಭೆಯನ್ನೂ, ಮೊದಲೇ ತಿಳಿದಿದ್ದ ಆಪತ್ತನ್ನೂ ರಕ್ಷಣೆಯಿಂದ ಹೊರಗಿಡುವುವು. ಅದನ್ನು ವಿಮೆ ಮಾರುವವರು ಕನ್ನಡದಲ್ಲಿ, ಹಣ ಪಡೆಯುವ ಮುನ್ನವೇ ತಿಳಿಸಬೇಕು. ಗುಂಪಾಗಿ ವಿದೇಶಕ್ಕೆ ಹೋಗುವವರ ಹೆಸರು, ತಂಗುವ ಸ್ಥಳ, ಮನೆಯವರ ದೂರವಾಣಿಗಳನ್ನು ಮುಂಚಿತವಾಗಿ ದಾಖಲಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರವು ಏರ್ಪಡಿಸಿದರೆ, ಸಿಲುಕಿದವರು ಯಾರೆಂದು ಹುಡುಕುವುದರಲ್ಲಿ ಅಮೂಲ್ಯವಾದ ಮೊದಲ ದಿನವು ವ್ಯರ್ಥವಾಗದು.

ಇವಿಷ್ಟು ಇದ್ದರೆ ಭಯಕ್ಕೂ ಲೋಭಕ್ಕೂ ವಶವಾಗದೆ ನಿರ್ಧರಿಸುವ ಅವಕಾಶ ಸಾಮಾನ್ಯ ಗೃಹಸ್ಥನಿಗೆ ದೊರೆಯುತ್ತದೆ. ನಾಡೊಂದು ತನ್ನ ಭವಿಷ್ಯವನ್ನು ಬೀದಿಯಲ್ಲಿ ನಿಂತು ಕೇಳುತ್ತಿರುವಾಗ ಅದರ ನಡುವೆ ವಿಹಾರವನ್ನರಸಿ ಹೋಗದಿರುವುದೂ, ಅದು ಉತ್ತರವನ್ನು ಕಂಡುಕೊಂಡು ಬಾಗಿಲು ತೆರೆದಾಗ ಮೊದಲು ಹೋಗುವವರಲ್ಲಿ ಒಬ್ಬರಾಗುವುದೂ ಒಂದೇ ಗೌರವದ ಎರಡು ಕ್ರಿಯೆಗಳು. ಅತಿಥಿಯನ್ನು ದೇವರೆಂದು ಬಗೆಯುವ ಪರಂಪರೆಯಲ್ಲಿ ಬೆಳೆದ ನಾವು, ಅತಿಥಿಗಳಾಗುವಾಗಲೂ ಆ ಪರಂಪರೆಗೆ ತಕ್ಕವರಾಗಿರಬೇಕು.