ಊರ ಚರಂಡಿಯ ಸಾರಜನಕವು ಯಾರ ಪಾಲು?

ಊರ ಚರಂಡಿಯ ನೀರು ಅಸಹ್ಯವಾದುದೆಂದು ಎಲ್ಲರೂ ಬಲ್ಲರು. ಆದರೆ ಬೆಳೆಗಳ ಮುಖ್ಯಾಹಾರವಾದ ಸಾರಜನಕವು ಅದರಲ್ಲಿ ಅಡಗಿರುವುದನ್ನೂ, ಅದು ಹೊಲವನ್ನು ಸೇರುವುದೋ, ಬಾವಿಗಿಳಿಯುವುದೋ, ಗಾಳಿಯಲ್ಲಿ ಹಾರಿಹೋಗುವುದೋ ಎಂಬುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸವನ್ನು ಅವಲಂಬಿಸಿರುವುದನ್ನೂ ಯೋಚಿಸುವವರು ವಿರಳ. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ವಿಷಯವನ್ನು ಮನಸ್ಸಿಗೆ ತಂದುಕೊಳ್ಳುವುದು ಅವಶ್ಯ.

ಮಲಮೂತ್ರಾದಿಗಳು ಕೊಳೆತಾಗ ಮೊದಲು ಅಮೋನಿಯಾ ಹುಟ್ಟುವುದು. ಗಾಳಿಯಾಡುವ ಎಡೆಯಲ್ಲಿ ಒಂದು ಪಂಗಡದ ಜೀವಿಗಳು ಅದನ್ನು ನೈಟ್ರೈಟಾಗಿಯೂ, ಇನ್ನೊಂದು ಪಂಗಡದವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವುವು. 1890ರ ಸುಮಾರಿಗೆ ರಷ್ಯಾ ದೇಶದ ವಿದ್ವಾಂಸರಾದ ವಿನೊಗ್ರಾಡ್‌ಸ್ಕಿಯವರು ಇವುಗಳನ್ನು ಬೇರ್ಪಡಿಸಿ ತೋರಿಸಿದರು. ಗಾಳಿ ತಾಗದ ಕೆಸರಿನಲ್ಲಿ ಮತ್ತೊಂದು ಪಂಗಡವು ನೈಟ್ರೇಟಿನೊಳಗಣ ಆಮ್ಲಜನಕವನ್ನೇ ಉಸಿರಾಟಕ್ಕೆ ಕಿತ್ತುಕೊಂಡು, ಸಾರಜನಕವನ್ನು ಅನಿಲರೂಪದಲ್ಲಿ ಹೊರಬಿಡುವುದು.

ಪಟ್ಟಣಗಳಲ್ಲಿ ಕೊಳಚೆ ನೀರಿಗೆ ಯಂತ್ರದಿಂದ ಗಾಳಿಯೂದಿ, ಗಾಳಿಯಿಲ್ಲದ ತೊಟ್ಟಿಯಲ್ಲಿಯೂ ಹಾಯಿಸಿ, ಈ ಪಂಗಡಗಳೆಲ್ಲವನ್ನೂ ದುಡಿಸಿಕೊಂಡು ಸಾರಜನಕವನ್ನು ಆಕಾಶಕ್ಕೆ ಕಳುಹಿಸುವರು. ಕೆರೆ ಹೊಳೆಗಳಲ್ಲಿ ಪಾಚಿಯೂ ಅಂತರಗಂಗೆಯೂ ಹಬ್ಬದಿರಲೆಂಬುದೇ ಇದರ ಉದ್ದೇಶ. ಹೊಲಗಳು ದೂರವಾದ ಮಹಾನಗರಗಳಿಗೆ ಇದು ಅನಿವಾರ್ಯವಿರಬಹುದು. ಆದರೆ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೆಳಕಿಗೆ ಬಂದ ಗಾಳಿಯೂದುವ ಶುದ್ಧೀಕರಣ ವಿಧಾನಕ್ಕೆ ಪ್ರೇರಕರಾದ ಗಿಲ್ಬರ್ಟ್ ಫೌಲರರೇ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದು, ಸಾರಜನಕದ ಸಂರಕ್ಷಣೆಯನ್ನು ಕುರಿತು 1934ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರೆಂಬುದು ಗಮನಾರ್ಹ. ಅದೇ ಸಂಸ್ಥೆಯಲ್ಲಿ 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿಗಳು ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ಹಾಕಿ ಗೊಬ್ಬರ ಮಾಡುವ ಬೆಂಗಳೂರು ವಿಧಾನವನ್ನು ರೂಪಿಸಿದರು.

ಹಳ್ಳಿಯು ಪಟ್ಟಣವನ್ನು ಅನುಕರಿಸಬೇಕಾದುದಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರನ್ನೇ ನೋಡಿರಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರಲ್ಲಿ ರೈತರು ಧರಣಿ ಕುಳಿತುದು ಈ ಊರಿನಲ್ಲಿಯೇ. ನೀರಿನ ಬೆಲೆಯನ್ನು ಇಷ್ಟು ಬಲ್ಲ ಸೀಮೆಯಲ್ಲಿ ಬಚ್ಚಲ ನೀರು ಬೀದಿಯಲ್ಲಿ ನಿಂತು ಸೊಳ್ಳೆಗಳಿಗೆ ತವರಾಗುವುದು ತರವೇ? 45 ಕಿಲೋ ಯೂರಿಯಾ ಚೀಲದಲ್ಲಿರುವ ಸಾರಜನಕವು ಸುಮಾರು 20 ಕಿಲೋ ಮಾತ್ರ. ಅದನ್ನು ಹಣ ಕೊಟ್ಟು ತರುವ ನಾವು ಮನೆಯದನ್ನು ಚೆಲ್ಲುತ್ತಿರುವೆವು.

ಚೆಲ್ಲಿದುದೆಲ್ಲವೂ ಗಾಳಿಗೆ ಹೋಗುವುದೂ ಇಲ್ಲ. ನೈಟ್ರೇಟು ನೀರಿನೊಡನೆ ಸುಲಭವಾಗಿ ಕೆಳಗಿಳಿಯುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಸರಕಾರದ ಮಾನದಂಡವಿದೆ. ಮೀರಿದರೆ ಎಳೆಗೂಸುಗಳ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು, ಮೈ ನೀಲಿಗಟ್ಟುವ ಅಪಾಯವುಂಟು. ಕುದಿಸುವುದರಿಂದ ಈ ದೋಷವು ಹೋಗದು.

ಆದುದರಿಂದ ಚರಂಡಿಗಳನ್ನು ಬಾವಿಗಳಿಂದ ದೂರವಾಗಿ ಊರ ಹೊರಕ್ಕೆ ಒಯ್ದು, ಒಂದು ಗುಂಡಿಯಲ್ಲಿ ಕೆಸರು ತಂಗುವಂತೆ ಮಾಡಿ, ತಿಳಿಯಾದ ನೀರನ್ನು ಮೇವಿನ ಹುಲ್ಲಿಗೂ ಮರಗಳಿಗೂ ಹಾಯಿಸತಕ್ಕದ್ದು. ಹಸಿಯಾಗಿ ತಿನ್ನುವ ಕಾಯಿಪಲ್ಲೆಗಳಿಗೆ ಇದು ಸಲ್ಲದು. ಎರೆಭೂಮಿಯಲ್ಲಿ ನೀರು ಸದಾ ನಿಂತರೆ ಗಾಳಿಯಿಲ್ಲದ ಕೆಸರಿನ ಜೀವಿಗಳು ಸಾರಜನಕವನ್ನು ಅಪಹರಿಸುವುವು. ಅತಿಯಾಗಿ ಹಾಯಿಸಿದರೆ ಉಳಿದುದು ಅಂತರ್ಜಲಕ್ಕೆ ಇಳಿಯುವುದು. ಆದಕಾರಣ ಮಡಿಯಿಂದ ಮಡಿಗೆ ಸರದಿಯಂತೆ ಹಾಯಿಸಿ, ನಡುವೆ ನೆಲವು ಆರಲು ಬಿಡಬೇಕು. ಗುಂಡಿಯ ಕೆಸರನ್ನು ಕಸದೊಡನೆ ಪದರವಾಗಿ ಹಾಕಿ, ಚೆನ್ನಾಗಿ ಕಳಿತ ಮೇಲೆಯೇ ಹೊಲಕ್ಕೆ ಹಾಕಬೇಕು.

ಖರ್ಚು ಯಾರದೆಂಬ ಪ್ರಶ್ನೆ ಏಳುವುದು ಸಹಜ. ಪಂಚಾಯಿತಿಯು ಈ ನೀರಿನ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಮಾಡಿ, ಪಡೆದವರೇ ಚರಂಡಿಯನ್ನು ಶುಚಿಯಾಗಿಡಬೇಕೆಂದು ಕರಾರು ಮಾಡಿಕೊಳ್ಳಬಹುದು. ತಗ್ಗಿನಲ್ಲಿ ಜಮೀನುಳ್ಳವರು ಮುಂದೆ ಬಂದರೆ ಅವರಿಗೆ ಮೇವು, ಊರಿಗೆ ನಿರ್ಮಲವಾದ ಬೀದಿ, ಮಕ್ಕಳಿಗೆ ಕುಡಿಯಲು ಯೋಗ್ಯವಾದ ನೀರು. ಸೂಕ್ಷ್ಮಜೀವಿಗಳು ಕೂಲಿ ಬೇಡದೆ ದುಡಿಯುವುವು. ಅವುಗಳಿಗೆ ತಕ್ಕ ದಾರಿಯನ್ನು ಮಾಡಿಕೊಡುವ ಹೊಣೆಯು ಊರ ಹಿರಿಯರದು. ಬರುವ ಮಳೆಗಾಲದೊಳಗಾಗಿ ಒಂದೊಂದು ಗ್ರಾಮದಲ್ಲಿ ಒಂದೊಂದು ಚರಂಡಿಯಾದರೂ ಹೊಲದ ದಾರಿ ಹಿಡಿಯಲಿ.